ಬೆನ್ನು ತೋರದ ಊರು

ಆ ಊರಿನಲ್ಲಿ ಅರಮನೆಗೆ ಬೆನ್ನು ತೋರಿಸುವುದು ಅಪರಾಧ. ಕಳ್ಳತನಕ್ಕೆ ಅಲ್ಲಿ ಛಡಿಯೇಟು ಇತ್ತು, ಕೊಲೆಗೆ ಗಡಿಪಾರು ಇತ್ತು. ಬೆನ್ನು ತೋರಿಸಿದವರಿಗೆ ಗೋಡೆ ಇತ್ತು.

ಅರಮನೆ ಊರ ನಡುವಿನ ದಿಬ್ಬದ ಮೇಲಿತ್ತು. ಅದರ ಕಡೆಗೆ ಹೋಗುವವರು ಎಲ್ಲ ಊರಿನವರ ಹಾಗೆ ನೆಟ್ಟಗೆ ನಡೆದು ಹೋಗುತ್ತಿದ್ದರು. ಅಲ್ಲಿಂದ ದೂರ ಹೋಗುವವರು ಮುಖವನ್ನು ಅರಮನೆಗೇ ಇಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಗಂಡನ ಮನೆಗೆ ಹೊರಟ ಮದುಮಗಳು ಹಿಮ್ಮುಖವಾಗಿ ಹೋಗುತ್ತಿದ್ದಳು. ಹೆಣ ಹೊತ್ತವರೂ ಹಿಮ್ಮುಖವಾಗಿಯೇ ಹೋಗುತ್ತಿದ್ದರು. ನೀರಿಗೆ ಹೋದ ಹೆಂಗಸರು ಹಿಮ್ಮಡಿಯಿಂದಲೇ ಕಲ್ಲುಮುಳ್ಳು ತಡವಿ ನೋಡುವುದನ್ನು ಕಲಿತುಕೊಂಡಿದ್ದರು. ದಿನವೂ ಒಂದಷ್ಟು ಕೊಡಗಳು ಒಡೆಯುತ್ತಿದ್ದವು. ಆ ಊರಿನಲ್ಲಿ ಸುಖವಾಗಿದ್ದವನು ಕುಂಬಾರನೊಬ್ಬನೇ.

ಹೀಗೆ ಏಳು ವರ್ಷ. ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು, ಬೆನ್ನು ಎನ್ನುವುದು ದನಕರುಗಳಿಗೆ ಮಾತ್ರ ಇರುತ್ತದೆ ಎಂದೇ ತಿಳಿದಿದ್ದವು.

ಏಳು ವರ್ಷದ ಹಿಂದೆ ದೊರೆಯ ಮಗಳು ಅರಮನೆಯ ಕೊಳದ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳಿಗೆ ಆರು ವರ್ಷ. ತಾಯಿ ಹೆರಿಗೆಯಲ್ಲೇ ಹೋಗಿದ್ದಳು, ಅಪ್ಪನೇ ಎಲ್ಲ. "ಅಪ್ಪಾ, ನೋಡು" ಎಂದಳು. ದೊರೆ ನೋಡಿದ. "ಅಪ್ಪಾ, ನೋಡು" ಎಂದು ಇನ್ನೊಮ್ಮೆ ಕರೆದಳು. ಅಷ್ಟರಲ್ಲಿ ಮಂತ್ರಿ ವೀಳ್ಯದ ತಟ್ಟೆ ಹಿಡಿದು ಬಂದ. ದೊರೆ ಬೆನ್ನು ತಿರುಗಿಸಿ ಒಂದು ಎಲೆ ಎತ್ತಿಕೊಂಡ. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು, ಅಷ್ಟೇ. ಮತ್ತೆ ತಿರುಗಿದಾಗ ಮೆಟ್ಟಿಲ ಮೇಲೆ ಎರಡು ಒದ್ದೆ ಹೆಜ್ಜೆಗಳಿದ್ದವು, ನೀರಿನಲ್ಲಿ ಉಂಗುರಗಳಿದ್ದವು.

ನೀರಿನ ಉಂಗುರಗಳು ಮಾಯವಾದವು. ಹೆಜ್ಜೆಗಳು ಒಣಗಲಿಲ್ಲ.

ಅಂದಿನಿಂದ ಪ್ರತಿ ಮಧ್ಯಾಹ್ನ ಆ ಮೆಟ್ಟಿಲ ಮೇಲೆ, ಆ ಹೆಜ್ಜೆಗಳ ಪಕ್ಕದಲ್ಲಿ, ಮಗಳಿಗೆ ಎಡೆ ಇಡುತ್ತಿದ್ದರು. ಬಾಳೆ ಎಲೆ, ಬಿಸಿ ಅನ್ನ, ತೊವ್ವೆ, ಹೋಳಿಗೆ, ಹಾಲು. ನಗಾರಿ ಬಾರಿಸಿದ ಕೂಡಲೇ ಊರಿಗೆ ಊರೇ ಇದ್ದಲ್ಲೇ ಅರಮನೆಯ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ದೊರೆ ಎಲೆಯಿಂದ ಮೂರು ಮೊಳ ದೂರದಲ್ಲಿ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದ. ಎದುರಿಗೆ ಬಸರಿ ಮರದಲ್ಲಿ ಕಾಗೆ ಕೂತಿರುತ್ತಿತ್ತು. ಅದು ಎಲೆಯನ್ನು ನೋಡುತ್ತಿತ್ತು, ದೊರೆಯನ್ನು ನೋಡುತ್ತಿತ್ತು. ಕೆಳಗೆ ಮಾತ್ರ ಇಳಿಯುತ್ತಿರಲಿಲ್ಲ.

ಎಡೆಯನ್ನು ಕಾಗೆ ಮುಟ್ಟಲಿಲ್ಲ ಎಂದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಇದು ದೊರೆಗೂ ಗೊತ್ತು, ಜಾಡಮಾಲಿಗೂ ಗೊತ್ತು. ದೊರೆ ಒಂದೊಂದೇ ಮಾತು ಕೊಡುತ್ತ ಹೋದ. ಚಿನ್ನದ ತೊಟ್ಟಿಲು ಮಾಡಿಸುತ್ತೇನೆ ಎಂದ, ಮಾಡಿಸಿದ. ನಿನ್ನ ಹೆಸರಿನಲ್ಲಿ ನೂರು ಕೆರೆ ಕಟ್ಟಿಸುತ್ತೇನೆ ಎಂದ, ಕಟ್ಟಿಸಿದ. ನಿನ್ನನ್ನು ನುಂಗಿದ ನೀರಿಗೆ ಶಿಕ್ಷೆ ಕೊಡುತ್ತೇನೆ ಎಂದು ಆ ನೂರು ಕೆರೆಗಳನ್ನೂ ಮುಚ್ಚಿಸಿದ. ಕೊನೆಗೆ, ವರ್ಷ ತುಂಬುವ ಮೊದಲೇ, ಒಂದು ದಿನ ಎದೆ ಬಡಿದುಕೊಂಡು ಅತ್ತ. "ಮಗಳೇ, ಇನ್ನು ಯಾವತ್ತೂ ನಿನಗೆ ಬೆನ್ನು ತೋರಿಸುವುದಿಲ್ಲ. ನಾನೂ ತೋರಿಸುವುದಿಲ್ಲ, ನನ್ನ ಊರೂ ತೋರಿಸುವುದಿಲ್ಲ" ಎಂದ. ಕಾನೂನು ಹುಟ್ಟಿದ್ದು ಹಾಗೆ. ಕಾಗೆ ಅದಕ್ಕೂ ಇಳಿಯಲಿಲ್ಲ. ಕಾನೂನು ಮಾತ್ರ ಉಳಿಯಿತು.

ಇನ್ನು ಗೋಡೆಯ ಮಾತು. ಅರಮನೆಯ ಸುತ್ತ ಸುಣ್ಣ ಬಳಿದ ಎತ್ತರದ ಗೋಡೆ ಇತ್ತು. ಬೆನ್ನು ತೋರಿಸಿದವರನ್ನು ತಂದು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತಿದ್ದರು. ಹಗ್ಗ ಇಲ್ಲ, ಮೊಳೆ ಇಲ್ಲ. ಮೂರನೆಯ ದಿನಕ್ಕೆ ಸುಣ್ಣ ಭುಜದ ಮೇಲೆ ಹತ್ತುತ್ತಿತ್ತು. ತಿಂಗಳಾಗುವಷ್ಟರಲ್ಲಿ ಮುಖವೊಂದೇ ಹೊರಗೆ ಉಳಿಯುತ್ತಿತ್ತು. ಆ ಮುಖ ಗಂಜಿ ಕುಡಿಯುತ್ತಿತ್ತು, ಮಾತಾಡುತ್ತಿತ್ತು, ಮಳೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಅದೂ ಬೆಳ್ಳಗಾಗಿ ಗೋಡೆಯಲ್ಲಿ ಒಂದು ಉಬ್ಬಾಗಿ ಬಿಡುತ್ತಿತ್ತು. ಊರಿನವರು ಆ ಉಬ್ಬುಗಳ ಪಕ್ಕದಲ್ಲೇ ಓಡಾಡುತ್ತಿದ್ದರು. ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾನೆ, ನನಗೆ ಅದೇ ಹೆದರಿಕೆ.

ಆ ಉಬ್ಬುಗಳಲ್ಲಿ ಒಂದು ಒಬ್ಬ ಹುಡುಗಿಯ ತಾಯಿ.

ತಾಯಿ ಬಟ್ಟೆ ಒಗೆಯುವ ಹೆಂಗಸು. ಒಂದು ದಿನ ಗಂಟು ಹೊತ್ತು ಅರಮನೆಯ ಕಡೆ ಬರುತ್ತಿದ್ದಾಗ ಹಿಂದಿನಿಂದ ಮಗಳ ಚೀರಾಟ ಕೇಳಿಸಿತು. ಗೂಳಿಯೊಂದು ಇಳಿಜಾರಿನಲ್ಲಿ ಕೆರಳಿ ಓಡುತ್ತಿತ್ತು, ದಾರಿಯ ನಡುವೆ ಮಗು. ತಾಯಿ ಗಂಟು ಬಿಸಾಡಿ ತಿರುಗಿ ಓಡಿದಳು. ಮಗು ಉಳಿಯಿತು. ಅವಳು ಓಡಿದ ಅಷ್ಟು ದೂರವೂ ಅವಳ ಬೆನ್ನನ್ನು ಇಡೀ ಬೀದಿ ನೋಡಿತು.

ಗೋಡೆಯಲ್ಲಿ ಅವಳು ಎರಡು ವರ್ಷ ಬದುಕಿದಳು. ಮಗಳು ಗಂಜಿ ಕುಡಿಸುತ್ತಿದ್ದಳು, ಹಣೆಯ ಮೇಲೆ ಬಿದ್ದ ಕೂದಲು ಸರಿಸುತ್ತಿದ್ದಳು. ಹೋದ ಚಳಿಗಾಲದಲ್ಲಿ ಮುಖ ಬೆಳ್ಳಗಾಯಿತು. ಹುಡುಗಿಗೆ ಆಗ ಒಂಬತ್ತು ವರ್ಷ. ಬೇರೆ ಯಾರೂ ಇರಲಿಲ್ಲ. ಗೋಡೆಯವಳ ಮಗಳೆಂದು ಯಾರೂ ಹೊಸಿಲೊಳಗೆ ಸೇರಿಸಲಿಲ್ಲ. ಅವಳಿಗೊಂದು ಹೆಸರಿತ್ತು. ಅದನ್ನು ಕರೆಯುತ್ತಿದ್ದವಳು ತಾಯಿ ಒಬ್ಬಳೇ ಆದ್ದರಿಂದ ಆ ಹೆಸರೂ ತಾಯಿಯ ಬಾಯಿಯಲ್ಲೇ ಸುಣ್ಣವಾಯಿತು. ಕೇಳಿದರೆ ಹೇಳಲು ಅವಳಿಗೇ ನೆನಪಾಗುತ್ತಿರಲಿಲ್ಲ.

ಸಂಜೆ ಹೊತ್ತಿಗೆ, ಕಾಗೆ ಮುಟ್ಟದ ರಾಜಕುಮಾರಿಯ ಎಡೆಯನ್ನು ಗೋಡೆಯ ಆಚೆಗೆ ಎಸೆಯುತ್ತಿದ್ದರು. ಸತ್ತವರ ಎಡೆ ಎಂದು ಊರಿನವರು ಅತ್ತ ಸುಳಿಯುತ್ತಿರಲಿಲ್ಲ. ಹುಡುಗಿ ಅದನ್ನು ಆಯ್ದುಕೊಳ್ಳುತ್ತಿದ್ದಳು. ಅರ್ಧ ತಾನು ಉಣ್ಣುತ್ತಿದ್ದಳು. ಇನ್ನರ್ಧವನ್ನು ಮಾರನೆಯ ಮಧ್ಯಾಹ್ನ ಮುತ್ತುಗದ ಎಲೆಯಲ್ಲಿ ಹಾಕಿ, ಗೋಡೆಯಲ್ಲಿ ತಾಯಿ ಇದ್ದ ಜಾಗದ ಬುಡದಲ್ಲಿ ಇಡುತ್ತಿದ್ದಳು. ಎಡೆಯನ್ನು ಯಾವ ತಿಥಿಗೆ ಇಡಬೇಕೆಂದು ಗೊತ್ತಿರಲಿಲ್ಲ, ಹಾಗಾಗಿ ದಿನಾ ಇಡುತ್ತಿದ್ದಳು. "ಅವ್ವಾ, ಉಣ್ಣು" ಎಂದು ಬೆನ್ನು ತಿರುಗಿಸಿ ಹೊರಟು ಹೋಗುತ್ತಿದ್ದಳು.

ಕಾಗೆ ಇಳಿದು ಬಂದು ತಿನ್ನುತ್ತಿತ್ತು.

ಇದು ಒಂದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಆ ಹೊತ್ತಿನಲ್ಲಿ ಊರೆಲ್ಲ ಅರಮನೆಯ ಶಿಖರವನ್ನೇ ನೋಡುತ್ತಿರುತ್ತಿತ್ತು. ಕಾವಲುಗಾರರೋ, ಹಿಮ್ಮುಖವಾಗಿ ಗಸ್ತು ತಿರುಗುವವರು. ತಾವು ಬಿಟ್ಟುಬಂದ ಜಾಗ ಅವರಿಗೆ ಚೆನ್ನಾಗಿ ಕಾಣುತ್ತಿತ್ತು, ಹೋಗುತ್ತಿರುವ ಜಾಗ ಕಾಣುತ್ತಿರಲಿಲ್ಲ.

ಒಂದು ದಿನ ದೊರೆಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಬಸರಿ ಮರದ ಕಾಗೆ ಮಗಳ ಎಲೆಯನ್ನು ನೋಡಿತು, ಅವನನ್ನು ನೋಡಿತು, ಎದ್ದು ಗೋಡೆ ದಾಟಿ ಆಚೆ ಇಳಿಯಿತು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಕೊಂಬೆಗೆ ಕೊಕ್ಕು ಒರೆಸಿಕೊಂಡಿತು.

"ಅದು ಉಂಡು ಬಂದಿದೆ" ಎಂದ ದೊರೆ. ಕಾವಲುಗಾರನ ಕಡೆ ಕೈ ಮಾಡಿದ. "ಯಾರ ಎಲೆಯಲ್ಲಿ ಉಂಡಿತೋ ಅವರನ್ನು ಕರೆದುಕೊಂಡು ಬಾ."

ಮಾರನೆಯ ಮಧ್ಯಾಹ್ನ ಕಾವಲುಗಾರ ಹಿಮ್ಮುಖವಾಗಿ ಬಾಗಿಲು ದಾಟಿ, ಗೋಡೆಗುಂಟ ಸವರಿಕೊಂಡು ಬಂದ. ತಾಯಿಯ ಪಕ್ಕದಲ್ಲಿ ಗೋಡೆಗೆ ಸೇರಿದ್ದ ಬಳೆಗಾರ ಮುದುಕನ ಮುಖ ಇನ್ನೂ ಬದುಕಿತ್ತು. ಅದು ಪಿಸುಗುಟ್ಟಿತು. "ಏಯ್ ಕೂಸೇ, ಓಡು. ಬರ್ತಾವ್ನೆ."

"ಎಲೆ ಇಟ್ಟುಬುಟ್ಟು ಓಯ್ತೀನಿ ತಾತ" ಎಂದಳು ಹುಡುಗಿ. ಎಲೆ ಇಟ್ಟಳು, "ಅವ್ವಾ, ಉಣ್ಣು" ಎಂದಳು, ತಿರುಗಿದಳು. ಕಾವಲುಗಾರ ಕತ್ತು ಹೊರಳಿಸಿದ್ದೂ ಆಗಲೇ. ಅವನಿಗೆ ಅದು ಏನೆಂದು ಮೊದಲು ಗೊತ್ತಾಗಲಿಲ್ಲ. ಹರಿದ ಲಂಗ, ಎರಡು ಕಡೆ ಎದ್ದು ಕಾಣುವ ಮೂಳೆ, ನಡುವೆ ಒಂದು ತೆಳ್ಳನೆಯ ಜಡೆ. ಏಳು ವರ್ಷದ ಮೇಲೆ ಅವನು ಒಂದು ಬೆನ್ನನ್ನು ನೋಡುತ್ತಿದ್ದ. ಗಾಬರಿಯಲ್ಲಿ ಅವನ ಕಾಲು ತಾಗಿ ಮುತ್ತುಗದ ಎಲೆ ಮಗುಚಿಕೊಂಡಿತು, ಅನ್ನ ಮಣ್ಣುಪಾಲಾಯಿತು.

ಹುಡುಗಿಯನ್ನು ಕೊಳದ ಮೆಟ್ಟಿಲಿಗೆ ತಂದು ನಿಲ್ಲಿಸಿದರು. ಮಂತ್ರಿ, ಪರಿವಾರ, ಅಡುಗೆಯ ಮುದುಕಿಯರು, ಎಲ್ಲರೂ ಎಡೆಗೆ ಮುಖ ಮಾಡಿ ನಿಂತಿದ್ದರು. ದೊರೆ ಎಲೆಯಿಂದ ಕಣ್ಣು ತೆಗೆಯದೆಯೇ ಕೇಳಿದ.

"ಯಾರಿಗೆ ಎಡೆ ಇಡುತ್ತೀಯೆ?"

"ನಮ್ಮವ್ವಂಗೆ, ಬುದ್ಧಿ."

"ಏನು ಅಡುಗೆ?"

"ಇಲ್ಲಿಂದ ಎಸೀತಾರಲ್ಲ, ಅದೇಯ. ತಂಗಳು."

ದೊರೆ ಎಲೆಯ ಕಡೆಗೆ ಇನ್ನಷ್ಟು ಬಾಗಿದ. ಇಲ್ಲಿ ಬಿಸಿಯಾಗಿ ಇಟ್ಟರೆ ಮುಟ್ಟದ ಅನ್ನವನ್ನು ಅಲ್ಲಿ ತಂಗಳಾದ ಮೇಲೆ ಕಾಗೆ ತಿನ್ನುತ್ತಿತ್ತು. "ಏನು ಹರಕೆ ಹೊತ್ತೆ? ಯಾವ ಮಾತು ಕೊಟ್ಟೆ? ಮುಚ್ಚಿಡಬೇಡ."

"ಮಾತು ಕೊಡಾಕೆ ನನ್ನತ್ರ ಏನೈತೆ ಬುದ್ಧಿ? ಎಲೆ ಮಡಗ್ತೀನಿ, ಬೆನ್ನು ತಿರುಗಿಸ್ತೀನಿ, ಓಯ್ತೀನಿ."

ಮಂತ್ರಿ, "ಗೋಡೆಗೆ" ಎಂದ. ಕಾವಲುಗಾರ ಅವಳ ರಟ್ಟೆಗೆ ಕೈ ಹಾಕಿದ. ಹುಡುಗಿಗೆ ಅಳು ಬಂತು. ತನಗೂ ಸುಣ್ಣ ಹತ್ತಿದರೆ ನಾಳೆಯಿಂದ ಅವ್ವನಿಗೆ ಎಲೆ ಇಡುವವರು ಯಾರು ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ಅಳುತ್ತಲೇ ಕೂಗಿದಳು.

"ಹಂಗೆ ಕಣ್ಣು ಬುಟ್ಕಂಡು ಕೂತ್ಕಂಡ್ರೆ ಕಾಗೆ ಎಲ್ಲಾದ್ರೂ ಬತ್ತದಾ? ಉಣ್ಣೋರ ಬಾಯಿ ನೋಡ್ಬಾರ್ದು ಅಂತ ಗೊತ್ತಿಲ್ವಾ ನಿಮಗೆ?"

ಎಡೆ ಇಟ್ಟ ಮೇಲೆ ಬೆನ್ನು ತಿರುಗಿಸಿ ದೂರ ಸರಿಯಬೇಕು ಎನ್ನುವುದು ಆ ಅಡುಗೆಯ ಮುದುಕಿಯರಿಗೆಲ್ಲ ಗೊತ್ತಿತ್ತು, ಮಂತ್ರಿಗೂ ಗೊತ್ತಿತ್ತು. ಮೊದಲನೆಯ ದಿನ, ದುಃಖದಲ್ಲಿದ್ದಾನೆ, ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆ ನಾಳೆ ಎನ್ನುತ್ತಿರುವಷ್ಟರಲ್ಲಿ ಕಾನೂನು ಬಂತು. ಆಮೇಲೆ ಅದನ್ನು ಹೇಳುವುದೇ ಬೆನ್ನು ತೋರಿಸಿದಷ್ಟು ದೊಡ್ಡ ತಪ್ಪಾಯಿತು. ಏಳು ವರ್ಷ ಒಂದು ಊರು ತನ್ನ ಬಾಯಲ್ಲಿದ್ದ ಮಾತನ್ನು ನುಂಗಿಕೊಂಡು ಹಿಮ್ಮುಖವಾಗಿ ನಡೆಯಿತು.

ಮುದುಕಿಯರಲ್ಲಿ ಒಬ್ಬಳು ಮೆಲ್ಲಗೆ, "ಹೌದು, ಸ್ವಾಮಿ" ಎಂದಳು.

ದೊರೆ ಆ ಒದ್ದೆ ಹೆಜ್ಜೆಗಳನ್ನೇ ನೋಡುತ್ತಿದ್ದ. ಹಾಗೆಯೇ ಹುಡುಗಿಯನ್ನು ಕೇಳಿದ. "ನಾನು ತಿರುಗಿದರೆ, ಆಮೇಲೆ ನೋಡಿದಾಗ ಇವಳು ಇರುವುದಿಲ್ಲವಲ್ಲ?"

"ಇರಾಕಿಲ್ಲ ಬುದ್ಧಿ. ನಮ್ಮವ್ವನೂ ಇರಾಕಿಲ್ಲ. ಅನ್ನವೂ ಇರಾಕಿಲ್ಲ" ಎಂದು ಮೂಗು ಒರೆಸಿಕೊಂಡಳು. "ಉಂಡವ್ಳೆ ಅಂತ ನಾನು ಖುಸಿಯಾಗಿ ಮಲೀಕತೀನಿ."

ದೊರೆ ಎದ್ದ. ಏಳು ವರ್ಷ ಕೂತ ಮಂಡಿ ಚಿಟಿಲ್ ಎಂದಿತು. "ನನ್ನ ಕೈ ಹಿಡಿದುಕೋ" ಎಂದ. ಹುಡುಗಿ ಹಿಡಿದುಕೊಂಡಳು. ದೊರೆ ಬೆನ್ನು ತಿರುಗಿಸಿದ. ಹುಡುಗಿ ತಿರುಗಿದಳು. ಮಂತ್ರಿ ತಿರುಗಿದ, ಪರಿವಾರ ತಿರುಗಿತು, ಮುದುಕಿಯರು ತಿರುಗಿದರು. ಕೊಳದ ಕಡೆ ಯಾರ ಕಣ್ಣೂ ಇರಲಿಲ್ಲ.

ಮೊದಲು ನೀರು ತೊಟ್ಟಿಕ್ಕುವ ಸದ್ದು ಬಂತು. ಒದ್ದೆ ಕೂದಲಿನಿಂದ ಕಲ್ಲಿನ ಮೇಲೆ ಬೀಳುವಂಥ ಹನಿ. ಆಮೇಲೆ ಸಣ್ಣ ದನಿ.

"ಅಪ್ಪಾ, ನೋಡು."

ಎಲ್ಲರಿಗೂ ಕೇಳಿಸಿತು.

"ಅಪ್ಪಾ, ನೋಡು."

ದೊರೆಯ ಕತ್ತಿನ ನರಗಳು ಎದ್ದು ನಿಂತವು. ಹುಡುಗಿಯ ಬೆರಳುಗಳನ್ನು ಅವನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅವಳು ತುಟಿ ಕಚ್ಚಿಕೊಂಡಳು. "ಅವಳು ಹೇಗೆ ನಿಂತಿದ್ದಾಳೆ? ಒಂದು ಸಲ ನೋಡಿ ಹೇಳು" ಎಂದು ಅವನು ಅಂಗಲಾಚಿದ.

"ನಾನೂ ತಿರುಗೀವ್ನಿ ಬುದ್ಧಿ. ನಂಗೂ ಕಾಣಾಕಿಲ್ಲ. ತಡಕಳಿ."

ಮೂರನೆಯ ಸಲ ದನಿ ದೂರದಿಂದ ಬಂದಿತು. ಏನೆಂದಿತು ಎಂದು ಸರಿಯಾಗಿ ಕೇಳಿಸಲಿಲ್ಲ. ದೊರೆ ಮಕ್ಕಳ ಹಾಗೆ ಬಾಯಿ ತೆರೆದು ಅಳುತ್ತಿದ್ದ, ಆದರೆ ತಿರುಗಲಿಲ್ಲ. ಆಗ ಅವರ ತಲೆಯ ಮೇಲಿಂದ ರೆಕ್ಕೆಯ ಗಾಳಿ ಹಾದು ಹೋಯಿತು. ಹಿಂದೆ ಬಾಳೆ ಎಲೆ ಪರಪರ ಎಂದಿತು.

ಅವರು ತಿರುಗಿ ನೋಡಿದಾಗ ಹೋಳಿಗೆಯ ಅಂಚು ಹರಿದಿತ್ತು, ಅನ್ನ ಚೆಲ್ಲಾಡಿತ್ತು. ಮೆಟ್ಟಿಲ ಕಲ್ಲು ಒಣಗಿತ್ತು. ಹೆಜ್ಜೆಗಳಿದ್ದ ಜಾಗವನ್ನು ದೊರೆ ಅಂಗೈಯಿಂದ ಸವರಿದ. ಬಿಸಿಲಿಗೆ ಕಾದ ಕಲ್ಲು, ಅಷ್ಟೇ.

"ಏನು ಬೇಕು ಕೇಳು" ಎಂದ ಹುಡುಗಿಗೆ.

"ನಮ್ಮವ್ವನ ಎಲೆ ಚೆಲ್ಲೋಯ್ತು ಬುದ್ಧಿ. ಒಂದು ಹಿಡಿ ಅನ್ನ ಕೊಟ್ರೆ ಮಡಗ್ತೀನಿ."

ದೊರೆ ಮಗಳ ಎಲೆಯಿಂದಲೇ ಬೊಗಸೆ ತುಂಬ ಅನ್ನ ತೆಗೆದುಕೊಂಡ. "ನಾನೂ ಬರುತ್ತೇನೆ" ಎಂದ. ಇಬ್ಬರೂ ಅರಮನೆಗೆ ಬೆನ್ನು ಹಾಕಿ, ನೆಟ್ಟಗೆ ನಡೆದು ಬಾಗಿಲು ದಾಟಿದರು. ಊರು ಬಾಯಿ ಬಿಟ್ಟುಕೊಂಡು ನೋಡಿತು. ಒಂದು ಸಣ್ಣ ಮಗು ದೊರೆಯ ಬೆನ್ನು ತೋರಿಸಿ, "ಅಮ್ಮಾ, ಅದು ಏನು?" ಎಂದು ಕೇಳಿತು.

ಗೋಡೆಯ ಹತ್ತಿರ ಬಳೆಗಾರನ ಮುಖ ದೊರೆಯನ್ನು ಕಂಡು ಕಣ್ಣು ಮುಚ್ಚಿಕೊಂಡಿತು.

"ಬಾ ಈಚೆಗೆ. ಕಾನೂನು ಮುಗಿಯಿತು" ಎಂದ ದೊರೆ.

"ಬರ್ತೀನಿ ಬುದ್ಧಿ. ಬೆನ್ನು ಎಲ್ಲಿತ್ತು ಅಂತ ಮರ್ತೋಗದೆ. ಒಸಿ ತಡೀರಿ, ನೆಪ್ಪು ಮಾಡ್ಕತೀನಿ" ಎಂದಿತು ಮುಖ.

ಪಕ್ಕದಲ್ಲಿ ಬಿಳಿಯ ಉಬ್ಬು. ಹುಡುಗಿ ಅದರ ಹಣೆಯ ಜಾಗವನ್ನು ಒಮ್ಮೆ ಸವರಿ, "ಇವಳೇ ನಮ್ಮವ್ವ" ಎಂದಳು. ದೊರೆ ಆ ಉಬ್ಬನ್ನು ನೋಡಿದ. ಈಕೆ ಏಕೆ ಇಲ್ಲಿದ್ದಾಳೆ ಎಂದು ಕೇಳಿದ. ಹುಡುಗಿ ಗೂಳಿಯ ಕಥೆ ಹೇಳಿದಳು. ಅದರಲ್ಲಿ ಯಾರನ್ನೂ ಬೈಯಲಿಲ್ಲ. ದೊರೆಗೆ ತಲೆ ಎತ್ತಲಾಗಲಿಲ್ಲ. ತಾನು ತಿರುಗಿದ್ದಕ್ಕೆ ಮಗಳು ಹೋದಳು, ಈಕೆ ತಿರುಗಿದ್ದಕ್ಕೆ ಮಗಳು ಉಳಿದಳು. ಉಳಿಸಿದವಳನ್ನು ತಾನು ಗೋಡೆ ಮಾಡಿದ್ದ.

ಮುತ್ತುಗದ ಎಲೆಯಲ್ಲಿ ಅನ್ನ ಹಾಕಿದರು. "ಅವ್ವಾ, ಉಣ್ಣು" ಎಂದಳು ಹುಡುಗಿ. ಇಬ್ಬರೂ ಬೆನ್ನು ತಿರುಗಿಸಿ ನಿಂತರು.

ಕಾಗೆ ಬರಲಿಲ್ಲ.

ಬಿಸಿಲು ವಾಲಿತು, ಗೋಡೆಯ ನೆರಳು ಅವರ ಕಾಲು ದಾಟಿ ಮುಂದೆ ಹೋಯಿತು. ಕಾಗೆ ಗೋಡೆಯ ನೆತ್ತಿಯಲ್ಲಿ ಕೂತು ಕೂಗುವುದು ಕೇಳಿಸುತ್ತಿತ್ತು. ಇಳಿಯುವುದು ಕೇಳಿಸಲಿಲ್ಲ.

ಹುಡುಗಿ ಹೆದರಿದಳು. "ನಮ್ಮವ್ವ ಯಾವತ್ತೂ ಹಿಂಗೆ ಮಾಡಿಲ್ಲ ಬುದ್ಧಿ. ಯಾವತ್ತೂ ಏನೂ ಕೇಳ್ದವ್ಳಲ್ಲ."

ಹೌದು, ಕೇಳಿದವಳಲ್ಲ. ಕೇಳಿಸಿಕೊಳ್ಳುವವರೇ ಇಲ್ಲದಾಗ ಸತ್ತವರೂ ಹಟ ಮಾಡುವುದಿಲ್ಲ. ಇವತ್ತು ಒಬ್ಬ ಬಂದು ನಿಂತಿದ್ದ.

ದೊರೆಗೆ ಅದು ಅರ್ಥವಾಯಿತು. ರೂಢಿಯ ಬಲದಿಂದ, "ನಿನ್ನ ಹೆಸರಿನಲ್ಲಿ ಒಂದು ಗುಡಿ..." ಎಂದು ಶುರು ಮಾಡಿದ. ಕಾಗೆ ಸುಮ್ಮನಿತ್ತು. "ಚಿನ್ನದ..." ಎಂದವನು ಅಲ್ಲಿಗೇ ನಿಲ್ಲಿಸಿದ. ತನಗೇ ನಾಚಿಕೆಯಾಯಿತು. ತಲೆ ತಗ್ಗಿಸಿ, ಸಾಮಾನ್ಯ ಮನುಷ್ಯ ಮಾತಾಡುವ ಹಾಗೆ ಮಾತಾಡಿದ.

"ತಾಯೀ, ತಪ್ಪು ನನ್ನದು. ನಿನ್ನನ್ನು ಕೊಂದವನು ನಾನು. ನಿನ್ನ ಮಗಳಿಗೆ ಎರಡು ಹೊತ್ತು ಅನ್ನ ನಾನು ಹಾಕುತ್ತೇನೆ. ಎಸೆದದ್ದಲ್ಲ, ಬಿಸಿಯಾದದ್ದು. ಅವಳು ಎಲ್ಲಿಗೆ ಬೇಕಾದರೂ ಆಡಲು ಹೋಗಲಿ, ನನಗೆ ಬೆನ್ನು ಹಾಕಿ ಹೋಗಲಿ. ಹಿಂಬಾಲಿಸುವುದಿಲ್ಲ. ಹಸಿದು ಬಂದಾಗ ಎಲೆ ಹಾಕಿರುತ್ತದೆ."

ರೆಕ್ಕೆ ಬಡಿದ ಸದ್ದು ಬಂತು. ಒಣ ಎಲೆಯ ಮೇಲೆ ಕೊಕ್ಕು ತಾಗಿತು. ಅದರ ಹಿಂದೆಯೇ ಗೋಡೆಯಿಂದ ಸುಣ್ಣ ಉದುರತೊಡಗಿತು, ಮೊದಲು ಚಕ್ಕೆ ಚಕ್ಕೆಯಾಗಿ, ಆಮೇಲೆ ರಾಶಿಯಾಗಿ. ಯಾರೋ ಬಹಳ ಕಾಲದ ಮೇಲೆ ಎದೆ ತುಂಬ ಉಸಿರೆಳೆದುಕೊಂಡರು.

ಆ ಉಸಿರಿನಲ್ಲಿ ಒಂದು ಹೆಸರು ಬಂತು. ಒಂದೇ ಸಲ, ಊಟಕ್ಕೆ ಕರೆಯುವ ರಾಗದಲ್ಲಿ.

ಹುಡುಗಿ ತಲೆ ಎತ್ತಿದಳು. ಅದು ಅವಳ ಹೆಸರು. ಒಂದು ವರ್ಷದಿಂದ ಯಾರ ಬಾಯಲ್ಲೂ ಇರದ ಹೆಸರು. ಅವಳ ಭುಜ ಅರ್ಧ ತಿರುಗಿತು. ದೊರೆ ಅವಳ ಕೈ ಒತ್ತಿ ಹಿಡಿದು, "ತಡೆದುಕೋ" ಎಂದ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯಿತು. ಅವಳು ತಿರುಗಲಿಲ್ಲ.

ಹಿಂದೆ ಎಲ್ಲವೂ ಸುಮ್ಮನಾಯಿತು. ಅವರು ನೋಡಿದಾಗ ಗೋಡೆಯಲ್ಲಿ ಒಬ್ಬ ಹೆಂಗಸಿನ ಅಳತೆಯ ಖಾಲಿ ಜಾಗವಿತ್ತು. ಅದರೊಳಗೆ ಗಾಳಿ ಆಡುತ್ತಿತ್ತು. ಎಲೆಯಲ್ಲಿ ಒಂದು ಅಗುಳೂ ಇರಲಿಲ್ಲ.

ಮಾರನೆಯ ಮಧ್ಯಾಹ್ನ ನಗಾರಿ ಬಾರಿಸಲಿಲ್ಲ. ಹುಡುಗಿ ಊರಾಚೆ ಎಲ್ಲೋ ಆಡಲು ಹೋಗಿದ್ದಳು. ಅಡುಗೆಯ ಮುದುಕಿ ಎಲೆ ಹಾಕಿ ಅನ್ನ ಬಡಿಸಿದಳು. ದೊರೆ ಹೊಸಿಲಿಗೆ ಬಂದು ನಿಂತ. ಹಿಂದಿನ ದಿನ ಆ ಹೆಸರನ್ನು ಅವನೂ ಕೇಳಿಸಿಕೊಂಡಿದ್ದ. ಅದು ಯಾವ ಹೆಸರೆಂದು ನಾನು ಹೇಳುವುದಿಲ್ಲ, ಅದು ಅನ್ನ ಹಾಕುವವರು ಕರೆಯಬೇಕಾದ ಹೆಸರು. ಅವನು ಬಾಯಿಯ ಎರಡು ಬದಿಗೆ ಕೈ ಹಿಡಿದು, ಆ ರಾಗದಲ್ಲೇ, ಸ್ವಲ್ಪ ತಪ್ಪಾಗಿ, ಜೋರಾಗಿ ಕರೆದ.

ದೂರದಿಂದ, "ಬಂದೆ" ಎಂಬ ಉತ್ತರ ಬಂತು.